ನಾಗಪುರದಿಂದ ಹೊನ್ನಾವರಕ್ಕೆ: ಕಡಲತೀರದ ಶಿಬಿರಕ್ಕೆ ಎರಡು ಕ್ಯಾಲೆಂಡರ್

ನಾಗಪುರ ರೈಲು ನಿಲ್ದಾಣದ ಹಳದಿ ಬೋರ್ಡನ್ನು ನೀವು ನೋಡಿರಬಹುದು. ಊರಿನ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ, ಆ ಜಾಗ ಸಮುದ್ರ ಮಟ್ಟದಿಂದ ಎಷ್ಟು ಎತ್ತರದಲ್ಲಿದೆ ಅಂತ ಬರೆದಿರುತ್ತದೆ. ನಾಗಪುರದ್ದು ಮುನ್ನೂರು ಮೀಟರಿಗಿಂತ ಸ್ವಲ್ಪ ಹೆಚ್ಚು. ಪಠ್ಯಪುಸ್ತಕಗಳು ಇದನ್ನು 'ಸರಾಸರಿ ಸಮುದ್ರ ಮಟ್ಟ' ಎನ್ನುತ್ತವೆ. ಈ 'ಸರಾಸರಿ' ಯಾಕೆ ಬಂತು? ಸಮುದ್ರ ಒಂದೇ ಮಟ್ಟದಲ್ಲಿ ಯಾವತ್ತೂ ನಿಲ್ಲುವುದಿಲ್ಲ, ಅದಕ್ಕೆ. ವರ್ಷಗಟ್ಟಲೆ ಏರಿಳಿತ ಅಳೆದು, ನಡುವಿನ ಒಂದು ಲೆಕ್ಕ ತೆಗೆದು, ಅದನ್ನು ನಾವು ಸೊನ್ನೆ ಅಂದುಕೊಂಡಿದ್ದೇವೆ ಅಷ್ಟೇ.

ಒಳನಾಡಿನ ಮಕ್ಕಳಿಗೆ ತಿಳಿದಿರದ ಸಂಗತಿ ಇದೇ. ನಾಗಪುರದಿಂದ ಯಾವ ದಿಕ್ಕಿಗೆ ಹೊರಟರೂ ಸಮುದ್ರ ಐನೂರು ಕಿಲೋಮೀಟರಿಗಿಂತ ದೂರ. ಮೋಮಿನ್‌ಪುರಾ, ಕಾಮ್ಟಿಯ ಮಕ್ಕಳು ನೋಡಿದ ದೊಡ್ಡ ನೀರು ಎಂದರೆ ಅಂಬಾಝರಿ ಕೆರೆ, ಫುಟಾಳಾ ಕೆರೆ, ಹೆಚ್ಚೆಂದರೆ ಕನ್ಹಾನ್ ನದಿ. ಕೆರೆಯ ನೀರು ಬೆಳಿಗ್ಗೆ ಎಲ್ಲಿತ್ತೋ ಸಂಜೆಯೂ ಅಲ್ಲೇ ಇರುತ್ತದೆ. ಕಡಲಿನದು ಹಾಗಲ್ಲ. ಬೀದರ್, ಕಲಬುರಗಿ, ವಿಜಯಪುರ, ಕೋಲಾರದ ಓದುಗರೇ, ನಿಮ್ಮ ಮಕ್ಕಳ ಸ್ಥಿತಿಯೂ ಇದಕ್ಕಿಂತ ಬೇರೆಯಲ್ಲ. ಆದ್ದರಿಂದ ನಾಗಪುರವನ್ನು ಉದಾಹರಣೆಯಾಗಿ ಇಟ್ಟುಕೊಂಡು ಬರೆದ ಈ ಲೇಖನ ನಿಮಗೂ ಸಲ್ಲುತ್ತದೆ.

ಎರಡು ದಿನಾಂಕಗಳನ್ನು ಮೊದಲೇ ಹೇಳಿಬಿಡುತ್ತೇನೆ. 2016ರ ಫೆಬ್ರವರಿ 1ರಂದು, ಮಹಾರಾಷ್ಟ್ರದ ರಾಯಗಡ ಜಿಲ್ಲೆಯ ಮುರುಡ್ ಕಡಲತೀರಕ್ಕೆ ಪ್ರವಾಸ ಹೋಗಿದ್ದ ಪುಣೆಯ ಕಾಲೇಜೊಂದರ 14 ವಿದ್ಯಾರ್ಥಿಗಳು ನೀರುಪಾಲಾದರು. 2024ರ ಡಿಸೆಂಬರ್ 10ರಂದು ನಮ್ಮ ಮುರುಡೇಶ್ವರದಲ್ಲಿ, ಕೋಲಾರ ಜಿಲ್ಲೆಯ ಮುಳಬಾಗಿಲು ತಾಲೂಕಿನ ವಸತಿ ಶಾಲೆಯ ನಾಲ್ವರು ಬಾಲಕಿಯರು ಹೋದರು. ಇಬ್ಬರೂ ಒಳನಾಡಿನವರು, ಇಬ್ಬರೂ ಶಿಕ್ಷಕರ ಜೊತೆಗೆ ಬಂದವರು. ಈ ಹದಿನೆಂಟು ಮಕ್ಕಳಲ್ಲಿ ಹೆಚ್ಚಿನವರು ಹುಡುಗಿಯರು.

ಇಂಥ ಸುದ್ದಿ ಬಂದಾಗ ಮನೆಗಳಲ್ಲಿ ಏಳುವ ಮಾತು ಒಂದೇ: "ಕಳಿಸೋದೇ ಬೇಡ." ಅದರಲ್ಲೂ ಹುಡುಗಿಯರನ್ನು. ಹೆತ್ತವರ ಭಯ ಅರ್ಥವಾಗುತ್ತದೆ. ಆದರೆ ಇವತ್ತು ಕಳಿಸದಿದ್ದರೆ ಆ ಮಗು ನಾಳೆ ಕಾಲೇಜಿನವರ ಜೊತೆ, ನಾಡಿದ್ದು ಮದುವೆಯಾದ ಮೇಲೆ ಮನೆಯವರ ಜೊತೆ, ಏನೂ ತಿಳಿಯದೆ ಅದೇ ಕಡಲಿಗೆ ಹೋಗುತ್ತದೆ. ಕಳಿಸಬೇಕು, ತಿಳಿಸಿ ಕಳಿಸಬೇಕು. ಹೇಗೆ ಅನ್ನುವುದನ್ನು ಒಂದೊಂದಾಗಿ ನೋಡೋಣ.

ಮೊದಲು ಸೂರ್ಯನ ಕ್ಯಾಲೆಂಡರ್: ಯಾವ ತಿಂಗಳು?

ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತಿಂಗಳುಗಳನ್ನು ಹೊಡೆದುಹಾಕಿ. ಅದು ಮುಂಗಾರಿನ ಕಾಲ, ಅರಬ್ಬಿ ಸಮುದ್ರ ಕೆರಳಿರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಕರ್ನಾಟಕದ ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೇ ನಿಷೇಧ ಇದೆ. ಮೀನಿನ ಸಂತಾನ ಬೆಳೆಯಲಿ ಅಂತ ಮಾಡಿದ ನಿಯಮ ಅದು. ಆದರೆ ಕಡಲನ್ನೇ ನಂಬಿ ಬದುಕುವವರು ದಡದಲ್ಲಿ ಕೂತಿರುವ ಕಾಲದಲ್ಲಿ ಕೆರೆ ಮಾತ್ರ ನೋಡಿದ ಮಕ್ಕಳಿಗೆ ಅಲ್ಲೇನು ಕೆಲಸ?

ಡಿಸೆಂಬರ್, ಜನವರಿ, ಫೆಬ್ರವರಿ ಒಳ್ಳೆಯ ತಿಂಗಳುಗಳು. ಮಳೆ ಇಲ್ಲ, ಸೆಕೆ ಕಡಿಮೆ. ಬೆಳಗಿನ ಹೊತ್ತು ಗಾಳಿ ನೆಲದಿಂದ ಕಡಲಿಗೆ ಬೀಸುವುದರಿಂದ ಅಲೆ ಸಾಮಾನ್ಯವಾಗಿ ಮೆತ್ತಗಿರುತ್ತದೆ. ಮಧ್ಯಾಹ್ನದ ಮೇಲೆ ನೆಲ ಕಾದು ಗಾಳಿ ತಿರುಗುತ್ತದೆ, ಅಲೆಯೂ ಎದ್ದೇಳುತ್ತದೆ. ನೀರಿನ ಹತ್ತಿರದ ಕಾರ್ಯಕ್ರಮ ಏನಿದ್ದರೂ ಬೆಳಿಗ್ಗೆ ಇಟ್ಟುಕೊಳ್ಳಿ.

ಹಿಜರಿ ತಿಂಗಳು ನೋಡಿ ಋತು ಹೇಳಲು ಆಗುವುದಿಲ್ಲ ಅನ್ನೋದು ನಿಮಗೆ ಗೊತ್ತು. ಚಾಂದ್ರವರ್ಷ ಸುಮಾರು 354 ದಿನದ್ದು, ವರ್ಷಕ್ಕೆ ಹನ್ನೊಂದು ದಿನ ಹಿಂದೆ ಸರಿಯುತ್ತಾ ಹೋಗುತ್ತದೆ. ರಮಝಾನ್ ಬೇಸಿಗೆಗೂ ಬರುತ್ತದೆ, ಚಳಿಗೂ ಬರುತ್ತದೆ. ಹಾಗಾಗಿ ತಿಂಗಳನ್ನು ಸೂರ್ಯನ ಲೆಕ್ಕದಿಂದಲೇ ಆರಿಸಬೇಕು. ಆದರೆ ಆ ತಿಂಗಳಲ್ಲಿ ಯಾವ ದಿನ ಎಂದು ಕೇಳಿದರೆ, ಉತ್ತರ ನಮ್ಮ ಮನೆಯ ಇನ್ನೊಂದು ಕ್ಯಾಲೆಂಡರಿನಲ್ಲಿದೆ.

ಆಮೇಲೆ ಚಂದ್ರನ ಕ್ಯಾಲೆಂಡರ್: ಯಾವ ದಿನ?

ಸಮುದ್ರದ ಏರಿಳಿತಕ್ಕೆ ಕನ್ನಡದಲ್ಲಿ ಉಬ್ಬರ–ಇಳಿತ ಎನ್ನುತ್ತೇವೆ, ಕರಾವಳಿಯಲ್ಲಿ ಭರತ–ಇಳಿತ ಅಂತಲೂ ಹೇಳ್ತಾರೆ. ಮರಾಠಿಯಲ್ಲಿ ಭರತಿ–ಓಹೋಟಿ. ಉರ್ದುವಿನಲ್ಲಿ ಮದ್ದೋ–ಜಝರ್. ಉರ್ದು ಶಾಲೆಯ ಮಕ್ಕಳಿಗೆ ಈ ಕೊನೆಯ ಪದ ಪರಿಚಿತ. 1879ರಲ್ಲಿ ಬಂದ ಹಾಲಿಯವರ ಪ್ರಸಿದ್ಧ ಮುಸದ್ದಸ್‌ನ ಪೂರ್ತಿ ಹೆಸರಿನಲ್ಲೇ 'ಮದ್ದೋ–ಜಝರ್' ಇದೆ. ಒಂದು ಸಮುದಾಯದ ಏಳುಬೀಳು ಎಂಬ ಅರ್ಥದಲ್ಲಿ ಮಕ್ಕಳು ಅದನ್ನು ಕಲಿತಿರುತ್ತಾರೆ. ನಿಜವಾದ ನೀರು ಏರಿ ಇಳಿಯುವುದನ್ನು ಮಾತ್ರ ನೋಡಿರುವುದಿಲ್ಲ.

ನೀರು ಯಾಕೆ ಏರುತ್ತದೆ? ಚಂದ್ರ ಭೂಮಿಯನ್ನು ಎಳೆಯುತ್ತಾನೆ. ಅವನ ಕಡೆಗಿರುವ ನೀರಿಗೆ ಆ ಎಳೆತ ಸ್ವಲ್ಪ ಜಾಸ್ತಿ, ಭೂಮಿಯ ನಡುವಿಗೆ ಅದಕ್ಕಿಂತ ಕಡಿಮೆ, ಆಚೆ ಬದಿಯ ನೀರಿಗೆ ಇನ್ನೂ ಕಡಿಮೆ. ಈ ವ್ಯತ್ಯಾಸದಿಂದ ಎರಡೂ ಬದಿಯಲ್ಲಿ ನೀರು ಉಬ್ಬುತ್ತದೆ. ಭೂಮಿ ತಿರುಗುವಾಗ ನಮ್ಮ ದಡ ಈ ಎರಡು ಉಬ್ಬುಗಳ ಕೆಳಗೆ ಹಾದುಹೋಗುತ್ತದೆ. ಆದ್ದರಿಂದ ನಮ್ಮ ಕರಾವಳಿಯಲ್ಲಿ ದಿನಕ್ಕೆ ಸುಮಾರು ಎರಡು ಉಬ್ಬರ, ಎರಡು ಇಳಿತ. ಅಷ್ಟರಲ್ಲಿ ಚಂದ್ರನೂ ಸ್ವಲ್ಪ ಮುಂದೆ ಹೋಗಿರುತ್ತಾನಲ್ಲ, ಹಾಗಾಗಿ ಇವತ್ತಿನ ಉಬ್ಬರ ನಾಳೆ ಸುಮಾರು 50 ನಿಮಿಷ ತಡವಾಗಿ ಬರುತ್ತದೆ.

ಸೂರ್ಯನೂ ಎಳೆಯುತ್ತಾನೆ, ಆದರೆ ದೂರ ಇರುವುದರಿಂದ ಅವನ ಪ್ರಭಾವ ಚಂದ್ರನ ಅರ್ಧದಷ್ಟೂ ಇಲ್ಲ. ಅಮಾವಾಸ್ಯೆ ಮತ್ತು ಹುಣ್ಣಿಮೆಯಲ್ಲಿ ಸೂರ್ಯ, ಚಂದ್ರ, ಭೂಮಿ ಒಂದೇ ಸಾಲಿಗೆ ಬರುತ್ತವೆ. ಇಬ್ಬರ ಎಳೆತವೂ ಕೂಡಿಕೊಂಡು ದೊಡ್ಡ ಉಬ್ಬರ ಏಳುತ್ತದೆ, ಇಳಿತದಲ್ಲಿ ನೀರು ಬಹಳ ಹಿಂದಕ್ಕೂ ಹೋಗುತ್ತದೆ. ಅರ್ಧಚಂದ್ರನ ದಿನಗಳಲ್ಲಿ ಒಬ್ಬರ ಎಳೆತ ಇನ್ನೊಬ್ಬರ ಎಳೆತಕ್ಕೆ ಅಡ್ಡವಾಗಿ, ಏರಿಳಿತ ಸಣ್ಣದಾಗುತ್ತದೆ. ನೀರು ಈ ಬದಲಾವಣೆಗೆ ಒಂದೆರಡು ದಿನ ತಡವಾಗಿ ಸ್ಪಂದಿಸುತ್ತದೆ.

ಇನ್ನು ಹಿಜರಿ ಕ್ಯಾಲೆಂಡರ್ ತೆಗೆಯಿರಿ. ನಮ್ಮ ತಿಂಗಳು ಚಾಂದ್ ಕಂಡ ಸಂಜೆ ಶುರುವಾಗುತ್ತದೆ, ಅಂದರೆ ಅಮಾವಾಸ್ಯೆ ಕಳೆದು ಒಂದೆರಡು ದಿನಕ್ಕೆ. ಆ ಲೆಕ್ಕದಲ್ಲಿ:

- ಚಂದ್ರನ 29–30 ಮತ್ತು 1–3ನೇ ತಾರೀಖು: ದೊಡ್ಡ ಉಬ್ಬರ, ದೊಡ್ಡ ಇಳಿತ. ರಾತ್ರಿ ಕತ್ತಲು.
- 7–10: ಸಣ್ಣ ಏರಿಳಿತ. ಸಂಜೆಯಿಂದ ನಡುರಾತ್ರಿಯವರೆಗೆ ಬೆಳದಿಂಗಳು.
- 14–17: ಮತ್ತೆ ದೊಡ್ಡ ಏರಿಳಿತ. ರಾತ್ರಿಯ ಹೆಚ್ಚಿನ ಹೊತ್ತು ಬೆಳಕು.
- 21–24: ಸಣ್ಣ ಏರಿಳಿತ. ಸಂಜೆ ಕತ್ತಲು, ನಡುರಾತ್ರಿಯ ಹೊತ್ತಿಗೆ ಚಂದ್ರೋದಯ.

ಅಯ್ಯಾಮೆ ಬೀಝ್‌ನ ಉಪವಾಸ ಹಿಡಿಯುವ ಮನೆಗಳಲ್ಲಿ 13, 14, 15ನೇ ತಾರೀಖು ಎಲ್ಲರಿಗೂ ನೆನಪಿರುತ್ತದೆ. ಆ ದಿನಗಳಲ್ಲಿ ಮತ್ತು ಅವು ಮುಗಿದ ಒಂದೆರಡು ದಿನ ಕಡಲು ಅತಿ ಎತ್ತರಕ್ಕೆ ಬರುತ್ತದೆ ಅನ್ನೋದನ್ನು ಅದಕ್ಕೆ ಸೇರಿಸಿಕೊಂಡರೆ ಸಾಕು. ಕರಾವಳಿಯ ಮೊಗವೀರರು, ಖಾರ್ವಿಗಳು ಇದನ್ನೇ ಹುಣ್ಣಿಮೆ, ಅಮಾವಾಸ್ಯೆ, ಅಷ್ಟಮಿ ಎಂದು ಲೆಕ್ಕ ಹಾಕುತ್ತಾರೆ. ಹೆಸರು ಬೇರೆ, ಚಂದ್ರ ಒಬ್ಬನೇ. ಒಂಬತ್ತನೇ ಶತಮಾನದಲ್ಲಿ ಅಬೂ ಮಅಶರ್ ಅಲ್‌ಬಲ್ಖಿ ಚಂದ್ರನಿಗೂ ಉಬ್ಬರಕ್ಕೂ ಇರುವ ನಂಟನ್ನು ವಿವರವಾಗಿ ಬರೆದರು, ಅದು ಲ್ಯಾಟಿನ್‌ಗೆ ಅನುವಾದವಾಗಿ ಯುರೋಪಿಗೂ ಹೋಯಿತು. ಭಾರತದ ಬಗ್ಗೆ ಬರೆಯುವಾಗ ಅಲ್‌ಬಿರೂನಿ ಸೋಮನಾಥದ ಕಡಲ ಉಬ್ಬರವನ್ನು ಚಂದ್ರನ ಜೊತೆಗೇ ಪ್ರಸ್ತಾಪಿಸುತ್ತಾರೆ.

ಮೊದಲ ಸಲ ಬರುವ ಮಕ್ಕಳ ತಂಡಕ್ಕೆ 7ರಿಂದ 10ನೇ ತಾರೀಖಿನ ನಡುವಿನ ದಿನಗಳು ಅನುಕೂಲ. ನೀರಿನ ಏರಿಳಿತ ಕಡಿಮೆ, ಸಂಜೆ ಬೆಳಕೂ ಸಿಗುತ್ತದೆ.

ನೀರು ಎಷ್ಟು ಬೇಗ ಬರುತ್ತದೆ?

ಇದು ಗಣಿತದ ತರಗತಿಯಲ್ಲೇ ಮಾಡಿಸಬಹುದಾದ ಲೆಕ್ಕ. ಇಳಿತದಿಂದ ಉಬ್ಬರಕ್ಕೆ ಸುಮಾರು ಆರು ಗಂಟೆ. ಒಟ್ಟು ಏರಿಕೆಯನ್ನು 12 ಪಾಲು ಮಾಡಿ. ಮೊದಲ ಗಂಟೆಯಲ್ಲಿ 1 ಪಾಲು ಏರುತ್ತದೆ, ಎರಡನೆಯದರಲ್ಲಿ 2, ಮೂರನೆಯದರಲ್ಲಿ 3, ನಾಲ್ಕನೆಯದರಲ್ಲಿ 3, ಐದರಲ್ಲಿ 2, ಆರರಲ್ಲಿ 1. ಅಂದರೆ ನಡುವಿನ ಎರಡೇ ಗಂಟೆಯಲ್ಲಿ ಅರ್ಧ ನೀರು ಬಂದುಬಿಡುತ್ತದೆ.

ಉತ್ತರ ಕನ್ನಡದ ದಡದಲ್ಲಿ ದೊಡ್ಡ ಉಬ್ಬರದ ದಿನ ನೀರು ಒಂದೂವರೆ ಮೀಟರ್ ಏರಿತು ಅಂತಿಟ್ಟುಕೊಳ್ಳಿ. 'ಅಷ್ಟೇನಾ?' ಅನ್ನಿಸುತ್ತದೆ. ಆದರೆ ಮರಳಿನ ಇಳಿಜಾರು 50 ಮೀಟರಿಗೆ 1 ಮೀಟರ್ ಇದ್ದರೆ, ಅದೇ ಒಂದೂವರೆ ಮೀಟರ್ ನೀರು 75 ಮೀಟರ್ ದಡವನ್ನು ನುಂಗುತ್ತದೆ. ನಡುವಿನ ಒಂದೊಂದು ಗಂಟೆಯಲ್ಲಿ ಸುಮಾರು 19 ಮೀಟರ್. ಮುಂಬೈ ಕಡೆಗೆ ಹೋದರೆ ಏರಿಳಿತ ಇನ್ನೂ ದೊಡ್ಡದು, ದೊಡ್ಡ ದಿನಗಳಲ್ಲಿ ನಾಲ್ಕು ಮೀಟರ್ ದಾಟುತ್ತದೆ. ಒಂದು ಊರಿನ ಅಂದಾಜು ಇನ್ನೊಂದು ಊರಿಗೆ ನಡೆಯದು.

ಮೊದಲ ಗಂಟೆ ನೋಡಿದವರು "ಏನೂ ಆಗಿಲ್ಲವಲ್ಲ" ಎಂದು ಬಂಡೆಯ ಮೇಲೆ, ಮರಳ ದಿಬ್ಬದ ಮೇಲೆ ಕೂರುತ್ತಾರೆ. ಮೂರನೆಯ ಗಂಟೆಯಲ್ಲಿ ಹಿಂದಿನ ತಗ್ಗು ತುಂಬಿಕೊಂಡು, ಬಂದ ದಾರಿಯೇ ಇರುವುದಿಲ್ಲ.

ಆಯಾ ದಿನದ ಸಮಯ ತಿಳಿಯಲು ಊಹೆ ಬೇಡ. ಸರ್ವೆ ಆಫ್ ಇಂಡಿಯಾ ಪ್ರತಿ ವರ್ಷ ಉಬ್ಬರದ ಪಟ್ಟಿ ಪ್ರಕಟಿಸುತ್ತದೆ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಎತ್ತರದ ಅಲೆಗಳ ಮುನ್ಸೂಚನೆ ಕೊಡುತ್ತದೆ, ಅವರ 'ಸಮುದ್ರ' ಎಂಬ ಮೊಬೈಲ್ ಆ್ಯಪ್ ಕೂಡ ಇದೆ. ಶಿಬಿರದ ಮೂರು ದಿನದ ಉಬ್ಬರ–ಇಳಿತದ ಹೊತ್ತನ್ನು ಒಂದು ಚಾರ್ಟಿನಲ್ಲಿ ಬರೆದು, ನಮಾಝಿನ ವೇಳಾಪಟ್ಟಿಯ ಪಕ್ಕದಲ್ಲೇ ಅಂಟಿಸಿ.

ಕ್ಯಾಲೆಂಡರ್ ಹೇಳದ ಮಾತು

ಲೇಖನದ ಮೊದಲಿಗೆ ಹೇಳಿದ ಎರಡು ದಿನಾಂಕಗಳಿಗೆ ಈ ಲೆಕ್ಕವನ್ನು ಹಾಕಿ ನೋಡಿ. 2016ರ ಫೆಬ್ರವರಿ 1 ಕೃಷ್ಣಪಕ್ಷದ ಅರ್ಧಚಂದ್ರನ ದಿನ. 2024ರ ಡಿಸೆಂಬರ್ 10 ಶುಕ್ಲಪಕ್ಷದ ಅರ್ಧಚಂದ್ರ ಕಳೆದು ಎರಡನೆಯ ದಿನ. ಎರಡೂ ಸಣ್ಣ ಏರಿಳಿತದ ದಿನಗಳೇ, ಎರಡೂ ಮಳೆಗಾಲವಲ್ಲದ ತಿಂಗಳುಗಳೇ. ಅಂದರೆ ಸೂರ್ಯನ ಕ್ಯಾಲೆಂಡರಿನಲ್ಲೂ ಚಂದ್ರನ ಕ್ಯಾಲೆಂಡರಿನಲ್ಲೂ 'ಒಳ್ಳೆಯ ದಿನ' ಅನ್ನಿಸಿಕೊಂಡ ದಿನಗಳಲ್ಲೇ ಹದಿನೆಂಟು ಮಕ್ಕಳು ಹೋದರು.

ಇದನ್ನು ಗಟ್ಟಿಯಾಗಿ ನೆನಪಿಡಿ. ಕ್ಯಾಲೆಂಡರ್ ನೋಡುವುದು ಟೆಂಟ್ ಎಲ್ಲಿ ಹಾಕಬೇಕು, ಯಾವ ಹೊತ್ತಿಗೆ ದಡದಲ್ಲಿ ನಡೆಯಬೇಕು ಎಂದು ತಿಳಿಯಲು. ನೀರಿಗಿಳಿಯಲು ಅದು ಪರವಾನಗಿ ಕೊಡುವುದಿಲ್ಲ. ಏಕೆಂದರೆ ದಡದಲ್ಲಿ ಜನರನ್ನು ಎಳೆದೊಯ್ಯುವ ದೊಡ್ಡ ಕಾರಣ ಉಬ್ಬರ ಅಲ್ಲ, ಸೆಳೆತ. ಅಲೆಗಳು ದಡಕ್ಕೆ ತಂದು ಸುರಿದ ನೀರು ವಾಪಸು ಹೋಗಲೇಬೇಕು. ಮರಳ ದಿಬ್ಬಗಳ ನಡುವೆ ಎಲ್ಲಿ ತಗ್ಗು ಸಿಗುತ್ತದೋ ಅಲ್ಲಿ ಅದು ಕಾಲುವೆಯಂತೆ ಒಟ್ಟಾಗಿ ಕಡಲಿಗೆ ನುಗ್ಗುತ್ತದೆ. ಬಲವಾದ ಸೆಳೆತ ಸೆಕೆಂಡಿಗೆ ಎರಡು ಮೀಟರ್‌ವರೆಗೂ ಹೋಗಬಲ್ಲದು, ಒಲಿಂಪಿಕ್ ಈಜುಗಾರರೇ ಅದರ ಎದುರು ಸೋಲುತ್ತಾರೆ.

ಮೋಸ ಎಲ್ಲಿದೆ ಅಂದರೆ, ಸೆಳೆತ ಇರುವ ಜಾಗ ನೋಡಲು ಶಾಂತವಾಗಿರುತ್ತದೆ. ಎರಡೂ ಕಡೆ ಬಿಳಿ ನೊರೆಯ ಅಲೆ ಮುರಿಯುತ್ತಿರುತ್ತದೆ, ನಡುವೆ ಒಂದು ಪಟ್ಟಿಯಲ್ಲಿ ಅಲೆಯೇ ಇಲ್ಲ, ನೀರು ಕಪ್ಪಗೆ ಕಾಣುತ್ತದೆ. ಈಜು ಬಾರದವರು "ಇಲ್ಲಿ ಅಲೆ ಇಲ್ಲ, ಇಲ್ಲೇ ಇಳಿಯೋಣ" ಎಂದು ಆ ಜಾಗವನ್ನೇ ಆರಿಸುತ್ತಾರೆ. ಮಕ್ಕಳಿಗೆ ಹೊರಡುವ ಮೊದಲೇ ಚಿತ್ರ ಬಿಡಿಸಿ ತೋರಿಸಿ: ನೊರೆಯ ನಡುವಿನ ಕಪ್ಪು ಪಟ್ಟಿ ಬಾಗಿಲಲ್ಲ, ಬಾವಿ.

ಸಿಕ್ಕಿಕೊಂಡರೆ ದಡದ ಕಡೆಗೆ ನೇರ ಈಜಬಾರದು. ಸುಸ್ತಾಗಿ ಮುಳುಗುವುದು ಹಾಗೇ. ಮೊದಲು ಅಂಗಾತ ತೇಲಬೇಕು, ಕೈ ಎತ್ತಿ ಕರೆಯಬೇಕು. ಶಕ್ತಿ ಇದ್ದರೆ ದಡಕ್ಕೆ ಸಮಾನಾಂತರವಾಗಿ, ಅಡ್ಡಕ್ಕೆ ಈಜಿ ಪಟ್ಟಿಯಿಂದ ಹೊರಬಂದು, ಆಮೇಲೆ ಅಲೆಯ ಜೊತೆ ದಡ ಸೇರಬೇಕು. ದಡದಲ್ಲಿರುವವರು ಹಗ್ಗ, ಟ್ಯೂಬ್, ಖಾಲಿ ಕ್ಯಾನ್ ಎಸೆಯಬೇಕೇ ಹೊರತು ಒಬ್ಬರ ಹಿಂದೆ ಒಬ್ಬರು ಹಾರಬಾರದು.

ಹುಡುಗಿಯರ ಈಜು

ನಮ್ಮ ಮನೆಗಳಲ್ಲಿ ಹುಡುಗರು ಹೇಗೋ ಬಾವಿ, ಕೆರೆಯಲ್ಲಿ ಕೈಕಾಲು ಬಡಿದು ಕಲಿತಿರುತ್ತಾರೆ. ಹುಡುಗಿಯರಿಗೆ ಆ ಅವಕಾಶವೂ ಇಲ್ಲ. ಪರ್ದೆ ಇದಕ್ಕೆ ಕಾರಣ ಆಗಬೇಕಿಲ್ಲ. ಊರಿನ ಈಜುಕೊಳದಲ್ಲಿ ಮಹಿಳೆಯರಿಗೆ ಪ್ರತ್ಯೇಕ ಸಮಯ, ಮಹಿಳಾ ತರಬೇತುದಾರರು ಇದ್ದಾರೆಯೇ ಎಂದು ಕೇಳಿ. ಇಲ್ಲದಿದ್ದರೆ ಹತ್ತು ಮನೆಯವರು ಸೇರಿ ಅರ್ಜಿ ಕೊಡಿ. ಪೂರ್ತಿ ಮೈ ಮುಚ್ಚುವ ಈಜುಡುಗೆ ಈಗ ಸಿಗುತ್ತದೆ. ಶಿಬಿರಕ್ಕೆ ಮೊದಲು ಮಕ್ಕಳು ಅಂಗಾತ ತೇಲುವುದೊಂದನ್ನಾದರೂ ಕಲಿತರೆ ಅದೇ ದೊಡ್ಡ ಲಾಭ.

ಈಜು ಬಾರದ ಮಗು, ಹುಡುಗನಾಗಲಿ ಹುಡುಗಿಯಾಗಲಿ, ಪಾದ ಮುಳುಗುವಷ್ಟು ನೀರಿನಲ್ಲೇ ನಿಲ್ಲಬೇಕು. ಉದ್ದ ದುಪಟ್ಟಾ, ಸಡಿಲ ಬುರ್ಖಾ ಒದ್ದೆಯಾದರೆ ಭಾರವಾಗಿ ಕಾಲಿಗೆ ಸುತ್ತಿಕೊಳ್ಳುತ್ತದೆ. ಗಿಡ್ಡ ಕುರ್ತಾ, ಸಲ್ವಾರ್, ಬಿಗಿಯಾಗಿ ಕಟ್ಟಿದ ಸ್ಕಾರ್ಫ್ ಸಾಕು.

ಎಲ್ಲಿಗೆ, ಹೇಗೆ?

ಉತ್ತರ ಕನ್ನಡದ ಹೊನ್ನಾವರ ಇಂಥ ಶಿಬಿರಕ್ಕೆ ತಕ್ಕ ಊರು. ಶರಾವತಿ ಕಡಲು ಸೇರುವ ಜಾಗ ಇದು. ಹತ್ತಿರದ ಕಾಸರಕೋಡ್ ಕಡಲತೀರಕ್ಕೆ 2020ರಲ್ಲಿ, ಉಡುಪಿ ಜಿಲ್ಲೆಯ ಪಡುಬಿದ್ರಿಯ ಜೊತೆ, ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ನೀರಿನ ಗುಣಮಟ್ಟ, ಶೌಚಾಲಯ, ಜೀವರಕ್ಷಕರು ಇವೆಲ್ಲ ಆ ಮಾನ್ಯತೆಯ ಷರತ್ತುಗಳು. ಪಕ್ಕದಲ್ಲೇ ಕಾಂಡ್ಲಾ ಕಾಡಿನ ನಡುವೆ ಮರದ ಹಾದಿ ಇದೆ, ಅಪ್ಸರಕೊಂಡ ಜಲಪಾತವಿದೆ. ಕಲಿಸಲು ಬೇಕಾದಷ್ಟಿದೆ.

ನಾಗಪುರದಿಂದ ರಾತ್ರಿ ರೈಲಿನಲ್ಲಿ ಮುಂಬೈ, ಅಲ್ಲಿಂದ ಕೊಂಕಣ ರೈಲ್ವೆ. 1998ರಲ್ಲಿ ಈ ಮಾರ್ಗ ಪೂರ್ತಿ ತೆರೆದ ಮೇಲೆ ಒಳನಾಡಿನವರಿಗೂ ಈ ಕರಾವಳಿ ಹತ್ತಿರವಾಯಿತು. ವಿದರ್ಭ ಎಕ್ಸ್‌ಪ್ರೆಸ್ ಮುಂಬೈನ ಸಿಎಸ್‌ಎಂಟಿಗೆ ಹೋಗುತ್ತದೆ, ಮತ್ಸ್ಯಗಂಧ ಎಕ್ಸ್‌ಪ್ರೆಸ್ ಹೊರಡುವುದು ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್‌ನಿಂದ. ನಲವತ್ತು ಮಕ್ಕಳನ್ನು ಕರೆದುಕೊಂಡು ಸ್ಟೇಶನ್ ಬದಲಿಸಲು ಅರ್ಧ ದಿನ ಬಿಟ್ಟುಕೊಳ್ಳಿ. 2024ರ ನವೆಂಬರ್‌ನಿಂದ ಟಿಕೆಟ್ ಕಾಯ್ದಿರಿಸುವುದು 60 ದಿನ ಮುಂಚಿತವಾಗಿ ಮಾತ್ರ. ಆದ್ದರಿಂದ ಚಂದ್ರನ ತಾರೀಖು ನೋಡುವುದು, ಹೆತ್ತವರ ಒಪ್ಪಿಗೆ, ಇಲಾಖೆಯ ಅನುಮತಿ ಎಲ್ಲ ಅದಕ್ಕಿಂತ ಮೊದಲೇ ಮುಗಿದಿರಬೇಕು.

ಟೆಂಟ್ ಮರಳಿನ ಮೇಲೇ ಇರಬೇಕಂತಿಲ್ಲ. ರಾತ್ರಿ ಮಲಗಲು ಸ್ಥಳೀಯ ಆಡಳಿತ ಮತ್ತು ಅರಣ್ಯ ಇಲಾಖೆಯವರು ಒಪ್ಪಿದ ಜಾಗವನ್ನೇ ನೋಡಿ. ದಡದಲ್ಲಿ ಒಣಗಿದ ಪಾಚಿ, ಚಿಪ್ಪು, ಕಸ ಒಂದು ಗೆರೆಯಾಗಿ ಬಿದ್ದಿರುತ್ತದೆ. ಹಿಂದಿನ ಉಬ್ಬರ ಬಂದು ನಿಂತ ಗೆರೆ ಅದು. ಟೆಂಟ್, ಚೀಲ, ಅಡುಗೆ ಎಲ್ಲವೂ ಅದಕ್ಕಿಂತ ಸಾಕಷ್ಟು ಮೇಲಿರಲಿ. ಅಳಿವೆ ಬಾಯಿಯ ಮರಳ ದಿಬ್ಬಗಳಿಗೆ ಕಾಲಿಡುವುದೇ ಬೇಡ. ಇಳಿತದ ಹೊತ್ತಲ್ಲಿ ನದಿಯ ಹರಿವೂ ಕಡಲಿನ ಎಳೆತವೂ ಅಲ್ಲಿ ಒಂದಾಗುತ್ತವೆ. ಚಳಿಗಾಲದಲ್ಲಿ ಕಾಸರಕೋಡ್ ಟೊಂಕದ ಕಡೆ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ, ಬೆಂಕಿ ಮತ್ತು ಪ್ರಖರ ದೀಪ ಬೇಡ.

ನಮಾಝಿನ ವಿಷಯದಲ್ಲೂ ಸ್ವಲ್ಪ ಯೋಚನೆ ಬೇಕು. ಡಿಸೆಂಬರಿನಲ್ಲಿ ಹೊನ್ನಾವರದ ಮಗ್ರಿಬ್ ನಾಗಪುರಕ್ಕಿಂತ ಸುಮಾರು ಅರ್ಧ ಗಂಟೆ ತಡ. ಭಟ್ಕಳ ಕಡೆಯ ನವಾಯತರು ಹೆಚ್ಚಾಗಿ ಶಾಫಿ ಮಝ್‌ಹಬಿನವರು, ಅವರ ಅಸರ್ ಅಝಾನ್ ನಾಗಪುರದ ಹನಫಿ ಸಮಯಕ್ಕಿಂತ ಬೇಗ ಕೇಳಿಸುತ್ತದೆ. ಮಕ್ಕಳು ಗೊಂದಲಪಡದಂತೆ ಮೊದಲೇ ಹೇಳಿ. ಕಿಬ್ಲಾ ಕಡಲಿನ ಕಡೆಗೇ ಇದೆ, ನೇರ ಪಶ್ಚಿಮದಿಂದ ಸುಮಾರು 17 ಡಿಗ್ರಿ ಉತ್ತರಕ್ಕೆ. ದಡದಲ್ಲಿ ಜಮಾಅತ್ ನಿಂತರೆ ನೀರಿಗೆ ಎಲ್ಲರಿಗಿಂತ ಹತ್ತಿರ ಇರುವವರು ಇಮಾಮ್. ಅವರ ಮುಸಲ್ಲಾ ಕೂಡ ಆ ಕಸದ ಗೆರೆಯ ಮೇಲ್ಭಾಗದಲ್ಲೇ ಇರಲಿ, ಹೆಚ್ಚಿನವರು ಸಜ್ದಾದಲ್ಲಿರುವಾಗ ಒಬ್ಬ ದೊಡ್ಡವರು ಕಡಲನ್ನು ನೋಡುತ್ತಿರಲಿ.

ಹೊರಡುವ ಮೊದಲು

ಪ್ರತಿ ಐದಾರು ಮಕ್ಕಳಿಗೆ ಒಬ್ಬ ದೊಡ್ಡವರು, ಪ್ರತಿ ಮಗುವಿಗೆ ಒಬ್ಬ ಜೊತೆಗಾರ, ಪ್ರತಿ ಶಿಕ್ಷಕರ ಕೊರಳಲ್ಲಿ ಸೀಟಿ. ಅರ್ಧ ಗಂಟೆಗೊಮ್ಮೆ ತಲೆ ಎಣಿಕೆ. ತುರ್ತಿಗೆ 112, ಕರಾವಳಿ ಕಾವಲು ಪೊಲೀಸರಿಗೆ 1093, ಕೋಸ್ಟ್ ಗಾರ್ಡ್‌ಗೆ 1554. ಊರು ಸೇರಿದ ಕೂಡಲೇ ಜೀವರಕ್ಷಕರನ್ನು, ಇಲ್ಲವೇ ಬಲೆ ಸರಿಪಡಿಸುತ್ತಾ ಕೂತ ಹಿರಿಯ ಮೀನುಗಾರರನ್ನು ಸಲಾಂ–ನಮಸ್ಕಾರ ಹೇಳಿ ಮಾತಾಡಿಸಿ. "ಅಣ್ಣಾ, ಸೆಳೆತ ಎಲ್ಲಿದೆ? ಮಕ್ಕಳನ್ನು ಎಲ್ಲಿಗೆ ಬಿಡಬಾರದು?" ಎಂದು ಕೇಳಿ. ಆ ವಾರದ ಮರಳು ಎಲ್ಲಿ ತಗ್ಗಾಗಿದೆ ಎಂದು ಅವರಿಗೆ ಮಾತ್ರ ಗೊತ್ತಿರುತ್ತದೆ. ಅವರು ಬೇಡ ಅಂದರೆ ಅಲ್ಲಿಗೆ ಮುಗಿಯಿತು, ಎಷ್ಟು ದೂರದಿಂದ ಬಂದಿದ್ದರೂ.

ವಿದ್ಯಾರ್ಥಿಗಳೇ, ನಿಮಗೊಂದು ಮನೆಗೆಲಸ. ಮುಂದಿನ ಚಾಂದ್ ಕಂಡ ದಿನದಿಂದ ಒಂದು ತಿಂಗಳು, ನೋಟ್‌ಬುಕ್ಕಿನಲ್ಲಿ ದಿನವೂ ಚಂದ್ರನ ಆಕಾರ ಬಿಡಿಸಿ. ಪಕ್ಕದಲ್ಲಿ ಹಿಜರಿ ತಾರೀಖು ಬರೆದು, ಇವತ್ತು ಹೊನ್ನಾವರದಲ್ಲಿ ನೀರು ದೊಡ್ಡದಾಗಿರುತ್ತದೋ ಸಣ್ಣದಾಗಿರುತ್ತದೋ ಊಹಿಸಿ, ಉಬ್ಬರದ ಪಟ್ಟಿಗೆ ಹೋಲಿಸಿ ನೋಡಿ. ಇದಕ್ಕೆ ಟಿಕೆಟ್ ಬೇಡ, ಅನುಮತಿ ಪತ್ರ ಬೇಡ, ಮನೆಯ ಮಾಳಿಗೆ ಸಾಕು. ತಿಂಗಳು ಮುಗಿದ ಮೇಲೆ ಆ ನೋಟ್‌ಬುಕ್ಕನ್ನು ಅಮ್ಮಿ–ಅಬ್ಬಾರ ಮುಂದೆ ಇಟ್ಟು ಶಿಬಿರದ ಮಾತೆತ್ತಿ. "ಬೇಡ" ಅನ್ನುವ ಮೊದಲು ಅವರೂ ಒಮ್ಮೆ ಪುಟ ತಿರುಗಿಸಿ ನೋಡುತ್ತಾರೆ.